ನನ್ನ ಸರದಿ

ಕೊಯ್ಲು ಮುಗಿಯುವ ತನಕ ನಾವು ಸೇರುವುದಿಲ್ಲ.
ಹೂಮಳೆ ಬೀಳಬೇಕು,
ಬಿದ್ದದ್ದು ಒಂದು ಇಂಚು ಹತ್ತು ಸೆಂಟೋ ಇಪ್ಪತ್ತೋ
ಎಂಬ ಜಗಳ ನಾಪೋಕ್ಲು ಪೇಟೆಯಲ್ಲಿ ತೀರಬೇಕು.
ಆಮೇಲೆ ಒಂದು ಭಾನುವಾರ, ತಲೆನೋವು ಬರುವಷ್ಟು
ಕಾಫಿ ಹೂವಿನ ವಾಸನೆಯಲ್ಲಿ
ಮೊಯ್ದು ಟೈಲರನ ಅಂಗಡಿಯ ಮೇಲಿನ ಕೋಣೆಗೆ
ಏಳು ಜನ ಮೆಟ್ಟಿಲು ಹತ್ತುತ್ತೇವೆ.
ಬೀಗದ ಕೈ ನನ್ನ ಹತ್ತಿರ.

ಏಳು ಜನಕ್ಕೆ ಪುಸ್ತಕ ಒಂದೇ.
ಹುತ್ತರಿಗೆ ಮೊದಲು ಹೊರಟದ್ದು
ಜೋಯಪ್ಪನ ಬಸ್ಸಿನ ಮುಂಗಾಜಿನ ಹಿಂದೆ ಕೂತು
ಕಕ್ಕಬ್ಬೆ, ಬಲ್ಲಮಾವಟಿ, ಎಮ್ಮೆಮಾಡು ನೋಡಿ ಬಂದಿದೆ.
ರಟ್ಟು ಬಿಸಿಲಿಗೆ ಬಣ್ಣಗೆಟ್ಟಿದೆ.
ಒಳಗೆಲ್ಲೋ ಒಂದು ಏಲಕ್ಕಿ ಸಿಪ್ಪೆ,
ಯಾರದೋ ಮನೆಯ ಹಾಲಿನ ಲೆಕ್ಕ.
ಕಥೆ ಇಷ್ಟು: ಒಂದು ಕಡವು, ಅಕ್ಕ ತಂಗಿ,
ಅಕ್ಕ ಬಚ್ಚಿಟ್ಟ ಒಂದು ಕಾಗದ.

ಸುಬೇದಾರ್ ಪಳಂಗಪ್ಪನವರು ಎದ್ದು ನಿಂತೇ ಮಾತಾಡುವುದು.
‘ನೂರ ಹದಿನೇಳರಲ್ಲಿ ಕೋವಿ ಹಾರುತ್ತದೆ. ಸರಿ.
ತೋಟಾ ತುಂಬಿದ್ದು ಯಾರು? ಎಲ್ಲೂ ಇಲ್ಲ.’
‘ಬರೆದವನಿಗೆ ತೋಟವೇ ಇಲ್ಲವೇನೋ’ ಎಂದ ಜೋಯಪ್ಪ.
ಅವರು ನಗಲಿಲ್ಲ. ಕೂತು, ನೋಟು ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಲೋಕಯ್ಯ ಮೇಷ್ಟ್ರಿಗೆ ಸಿಕ್ಕಿದ್ದು ನಲವತ್ತೊಂದು ಅಚ್ಚಿನ ತಪ್ಪು.
‘ಎರಡು ಕಡೆ ತಂಗಿ ತಂತಿಯಾಗಿದ್ದಾಳೆ!’

ಬೊಳ್ಳಮ್ಮ ಚಿಪ್ಸಿನ ಪೊಟ್ಟಣ ಬಿಚ್ಚುತ್ತಾ ಹೇಳಿದಳು:
‘ದುಃಖ ಅಂದರೆ ಕಾಚಂಪುಳಿ ಇದ್ದ ಹಾಗೆ, ಒಂದು ಚಮಚ ಸಾಕು.
ಈತ ಶೀಶೆಯನ್ನೇ ಬಗ್ಗಿಸಿದ್ದಾನೆ.’
ಸ್ವಲ್ಪ ಹೊತ್ತು ಬಿಟ್ಟು,
‘ನಾನೇನೋ ಬಟ್ಟಲು ಬಳಿದು ತಿಂದೆ, ಅದು ಬೇರೆ ಮಾತು.’

ಮೊಯ್ದುವಿಗೆ ಕನ್ನಡ ಓದುವುದು ದಿನಕ್ಕೆ ನಾಲ್ಕು ಪುಟ.
‘ನಿಧಾನ ಓದಿದರೆ ಹೊಲಿಗೆ ಕಾಣ್ತದೆ ಮಾರಾಯ್ರೆ.
ಕೊನೆಯಲ್ಲಿ ಬಟ್ಟೆ ಸಾಲದೆ ತೇಪೆ ಹಾಕಿದ್ದು.’

ಔಷಧಿ ಅಂಗಡಿಯ ಸಫ್ರೀನಾ ಒಬ್ಬಳೇ ಅಕ್ಕನ ಪರ.
‘ಕಾಗದ ಕೊಟ್ಟಿದ್ದರೆ ತಂಗಿ ಹೋಗುತ್ತಿದ್ದಳು,
ಹೋದರೆ ಸಾಯುತ್ತಿದ್ದಳು. ಬಚ್ಚಿಟ್ಟದ್ದೇ ಸರಿ.’
ಅಲ್ಲಿಂದ ಗಲಾಟೆ. ಮೇಷ್ಟ್ರು ಮೇಜು ಕುಟ್ಟಿದರು,
ಬೊಳ್ಳಮ್ಮ ತನ್ನ ಅತ್ತೆಯನ್ನೂ ಎಳೆದು ತಂದಳು,
ಕೆಳಗೆ ಬ್ಲೌಸಿಗೆ ಕಾದಿದ್ದ ಹೆಂಗಸು
‘ಯಾರ ಆಸ್ತಿ ಪಾಲು ಅದು?’ ಎಂದು ಕೂಗಿ ಕೇಳಿದಳು.

ಜೋಯಪ್ಪ ಓದಿರಲಿಲ್ಲ. ಆದರೂ ಸರದಿ ಬಿಡಲಿಲ್ಲ:
‘ಒಳ್ಳೆ ತೂಕ ಉಂಟು. ಕಕ್ಕಬ್ಬೆ ತಿರುವಿನಲ್ಲಿ
ಒಂದು ಸಲವೂ ಜಾರಲಿಲ್ಲ.’

‘ಮುದ್ದವ್ವ, ನಿಮಗೆ?’

ನಾನು ನೂರ ಅರುವತ್ತೆರಡರಲ್ಲಿ ನಿಲ್ಲಿಸಿದ್ದೆ.
ಅಲ್ಲಿ ತಂಗಿ ಬಿಟ್ಟುಹೋದ ಚಪ್ಪಲಿಗೆ
ಅಕ್ಕ ಸುಮ್ಮನೆ ಕಾಲು ತೂರಿಸಿ ನೋಡುತ್ತಾಳೆ.
ಸರಿಯಾಗುತ್ತದೆ. ಅಷ್ಟೇ ಬರೆದಿದ್ದಾನೆ,
ಮುಂದಿನ ಸಾಲಿಗೆ ಮಳೆ.
ನಮ್ಮಿಬ್ಬರದೂ ಒಂದೇ ಅಳತೆ, ಐದು.
ಮಡಿಕೇರಿಯಲ್ಲಿ ಒಂದೇ ಜೊತೆ ಕೊಂಡು
ಒಬ್ಬಳು ಮದುವೆಗೆ, ಒಬ್ಬಳು ತಿಥಿಗೆ ಹಾಕಿ ಹೋದದ್ದುಂಟು.
ಅವಳು ಈಗ ಸುಂಟಿಕೊಪ್ಪದಲ್ಲಿದ್ದಾಳೆ.
ಅವ್ವನ ಕೊಕ್ಕೆತಾತಿ ಯಾರಿಗೆ ಎಂಬಲ್ಲಿಗೆ
ನಮ್ಮ ಮಾತು ನಿಂತಿತು.

‘ಭಾಷೆ ಚೆನ್ನಾಗಿದೆ’ ಎಂದೆ.
ಸುಬೇದಾರರು ದಪ್ಪ ಅಕ್ಷರದಲ್ಲಿ ಬರೆದುಕೊಂಡರು:
ಮುದ್ದವ್ವ — ಭಾಷೆ ಚೆನ್ನಾಗಿದೆ.

ಬೀಗ ಹಾಕಿ ಇಳಿದೆ. ಪುಸ್ತಕ ಕಂಕುಳಲ್ಲಿತ್ತು.
‘ಎಲ್ಲರದೂ ಆಯಿತಲ್ಲ, ಇನ್ನು ಯಾರಿಗೆ?’ ಎಂದ ಜೋಯಪ್ಪ.
ಸುಂಟಿಕೊಪ್ಪಕ್ಕೆ ಹೇಗೆ ಎಂದು ಕೇಳಿದೆ.
ಮಡಿಕೇರಿಯಲ್ಲಿ ಇಳಿದು ಬಸ್ಸು ಬದಲಿಸಬೇಕು ಎಂದ,
ಊರಿಗೆ ಹೊಸಬಳಿಗೆ ಹೇಳುವ ಹಾಗೆ.
ನನಗೆ ಗೊತ್ತಿತ್ತು.
ಹನ್ನೊಂದು ವರ್ಷದಿಂದ ಗೊತ್ತು.